ಅಕ್ಷರಗಳ ಬೆಲೆ

ಆಟವೆಂದರೆ ಕಾಲಹರಣವೆಂದು ಭಾವಿಸುವವರುಂಟು. ಆದರೆ ಚದುರಂಗ, ಪಗಡೆ, ಚೌಕಾಬಾರಗಳನ್ನು ಆಡುತ್ತ ಬಂದಿರುವ ನಮ್ಮ ಜನರಿಗೆ, ಮಣೆಯ ಮೇಲಣ ಆಟವೂ ಬುದ್ಧಿಯನ್ನು ಹರಿತಗೊಳಿಸಬಲ್ಲುದೆಂಬುದು ಹೊಸ ಮಾತಲ್ಲ. ಕಾಯಿಗಳಿಗೆ ಬದಲಾಗಿ ಅಕ್ಷರಗಳನ್ನೇ ಹೂಡಿ ಗೆಳೆಯರೊಡನೆ ಆಡುವ ಆಟವೊಂದಿದೆ. ಅದರ ಹೆಸರು ಸ್ಕ್ರಾಬಲ್. ಕೆಲಸ ಕಳೆದುಕೊಂಡ ಮನುಷ್ಯನೊಬ್ಬನ ತಾಳ್ಮೆಯೇ ಈ ಆಟದ ಮೂಲ.

ಆಲ್ಫ್ರೆಡ್ ಬಟ್ಸ್ 1899ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಜನಿಸಿದನು. ಆತನು ವೃತ್ತಿಯಿಂದ ವಾಸ್ತುಶಿಲ್ಪಿ. 1929ರಲ್ಲಿ ತಲೆದೋರಿದ ಆರ್ಥಿಕ ಮುಗ್ಗಟ್ಟಿನಿಂದ ಕಟ್ಟಡಗಳ ಕೆಲಸ ನಿಂತು, ಬಟ್ಸನೂ ನಿರುದ್ಯೋಗಿಯಾದನು. ಆತನು ನಿರಾಶನಾಗಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅದೃಷ್ಟ ಮತ್ತು ಜಾಣ್ಮೆ ಎರಡಕ್ಕೂ ಎಡೆಯಿರುವ ಹೊಸ ಆಟವೊಂದನ್ನು ರಚಿಸಲು ತೊಡಗಿದನು.

ಯಾವ ಅಕ್ಷರಕ್ಕೆ ಎಷ್ಟು ಬೆಲೆ ಕಟ್ಟಬೇಕು? ಇದನ್ನು ಆತನು ಊಹೆಗೆ ಬಿಡಲಿಲ್ಲ. ವೃತ್ತಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಒಂದೊಂದು ಅಕ್ಷರವೂ ಎಷ್ಟು ಬಾರಿ ಬಂದಿದೆಯೆಂದು ಎಣಿಸಿದನು. ಈ ಆಟದಲ್ಲಿ 100 ಬಿಲ್ಲೆಗಳಿವೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ‘ಇ’ ಅಕ್ಷರಕ್ಕೆ 12 ಬಿಲ್ಲೆಗಳಿದ್ದು, ಒಂದೊಂದಕ್ಕೆ ಒಂದೇ ಅಂಕ. ಅಪರೂಪವಾದ ‘ಕ್ಯೂ’ ಅಕ್ಷರಕ್ಕೆ ಒಂದೇ ಬಿಲ್ಲೆ. ಅದರ ಬೆಲೆ 10 ಅಂಕ. ಪದದ ಕೊನೆಗೆ ‘ಎಸ್’ ಸೇರಿಸಿ ಬಹುವಚನ ಮಾಡುವುದು ಬಹು ಸುಲಭವಾದುದರಿಂದ, ಆ ಅಕ್ಷರಕ್ಕೆ ನಾಲ್ಕೇ ಬಿಲ್ಲೆಗಳನ್ನು ಕೊಟ್ಟನು.

ಆಟದ ಮಣೆಯಲ್ಲಿ 225 ಮನೆಗಳಿವೆ. ಪ್ರತಿಯೊಬ್ಬ ಆಟಗಾರನೂ ಏಳು ಬಿಲ್ಲೆಗಳನ್ನು ಇಟ್ಟುಕೊಂಡು, ಮಣೆಯ ಮೇಲೆ ಈಗಾಗಲೇ ಇರುವ ಪದಕ್ಕೆ ತನ್ನ ಪದವನ್ನು ಹೆಣೆಯಬೇಕು. ಒಬ್ಬನು ಹೂಡಿದ ಪದವೇ ಮತ್ತೊಬ್ಬನ ಪದಕ್ಕೆ ಆಧಾರವಾಗುತ್ತದೆ. ಎದುರಾಳಿಯ ನೆರವಿಲ್ಲದೆ ಇಲ್ಲಿ ಗೆಲುವಿಲ್ಲ. ಪದವೊಂದು ಸರಿಯೋ ತಪ್ಪೋ ಎಂಬ ಸಂಶಯ ಹುಟ್ಟಿದರೆ ದೊಡ್ಡ ದನಿಯವನ ಮಾತು ನಡೆಯುವುದಿಲ್ಲ. ಎಲ್ಲರೂ ಒಪ್ಪಿದ ನಿಘಂಟಿನ ತೀರ್ಪೇ ಅಂತಿಮ. ಪದವು ಅದರಲ್ಲಿ ಇಲ್ಲದಿದ್ದರೆ ಬಿಲ್ಲೆಗಳನ್ನು ಹಿಂದಕ್ಕೆ ತೆಗೆದುಕೊಂಡು ಸರದಿಯನ್ನು ಕಳೆದುಕೊಳ್ಳಬೇಕು. ಹೀಗೆ ಸೋತವನೂ ಒಂದೆರಡು ಹೊಸ ಪದಗಳನ್ನು ಕಲಿತೇ ಏಳುತ್ತಾನೆ.

ಬಟ್ಸನ ಆಟವನ್ನು ತಯಾರಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಆತನು ಕೈಯಿಂದಲೇ ಮಣೆಗಳನ್ನು ಮಾಡಿ ಗೆಳೆಯರಿಗೆ ಹಂಚುತ್ತಿದ್ದನು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತನು ಆಟದ ಹಕ್ಕನ್ನು ಪಡೆದು, ಅದಕ್ಕೆ ಸ್ಕ್ರಾಬಲ್ ಎಂದು ಹೆಸರಿಟ್ಟನು. ಬಳಕೆಯಲ್ಲಿಲ್ಲದ ಶಾಲೆಯ ಕಟ್ಟಡವೊಂದರಲ್ಲಿ ತಯಾರಿಕೆ ನಡೆಯಿತು. 1949ರಲ್ಲಿ 2,400 ಪೆಟ್ಟಿಗೆಗಳು ಸಿದ್ಧವಾದರೂ 450 ಡಾಲರ್ ನಷ್ಟವಾಯಿತು. ಆದರೆ 1952ರ ವೇಳೆಗೆ ಬೇಡಿಕೆ ಇದ್ದಕ್ಕಿದ್ದಂತೆ ಏರಿ, ತಯಾರಕರಿಗೆ ಪೂರೈಸಲಾರದಷ್ಟಾಯಿತು.

ಇಂತಹ ಆಟವನ್ನು ಕನ್ನಡಕ್ಕೆ ಹಾಗೆಯೇ ತರಬಹುದೇ? ಇಂಗ್ಲಿಷಿನ ಅಕ್ಷರಗಳು 26 ಮಾತ್ರ. ನಮ್ಮ 34 ವ್ಯಂಜನಗಳಿಗೆ ಸ್ವರಗಳು ಕೂಡಿದರೆ ಗುಣಿತಾಕ್ಷರಗಳೇ 400ನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಅಕ್ಷರಕ್ಕೊಂದು ಬಿಲ್ಲೆಯಿಟ್ಟರೆ ಚೀಲವೇ ಸಾಲದು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಮನೆಗೊಂದು ಪೂರ್ಣಾಕ್ಷರವನ್ನು ಬರೆಯುತ್ತೇವೆ. ಅಲ್ಲಿ ಬರೆಯುವವನಿಗೆ ಬಿಲ್ಲೆಗಳ ಮಿತಿಯಿಲ್ಲ. ಆದುದರಿಂದ ಕನ್ನಡದ ಆಟಕ್ಕೆ ಕನ್ನಡದ್ದೇ ಲೆಕ್ಕ ಬೇಕು. ‘ಕ’ ಎಷ್ಟು ಬಾರಿ ಬರುತ್ತದೆ, ‘ಘ’ ಎಷ್ಟು ಬಾರಿ ಬರುತ್ತದೆ? ಪತ್ರಿಕೆಯ ಒಂದು ಪುಟ, ಒಂದು ಪೆನ್ಸಿಲು, ಇಬ್ಬರು ಗೆಳೆಯರು ಇದ್ದರೆ ನೀವೂ ಈ ಎಣಿಕೆಯನ್ನು ಆರಂಭಿಸಬಹುದು. ದಿನವೂ ಆಡುವ ನುಡಿಯನ್ನು ಹೀಗೆ ಎಣಿಸಿ ನೋಡಿದಾಗ, ಅದರ ಬೆಲೆ ನಮಗೆ ಹೊಸದಾಗಿ ತಿಳಿಯುತ್ತದೆ.

ಅಭ್ಯಾಸ

1. ಬಟ್ಸನು ಅಕ್ಷರಗಳ ಬೆಲೆಯನ್ನು ಹೇಗೆ ನಿರ್ಧರಿಸಿದನು?
2. ‘ಎದುರಾಳಿಯ ನೆರವಿಲ್ಲದೆ ಇಲ್ಲಿ ಗೆಲುವಿಲ್ಲ’ – ಈ ಮಾತನ್ನು ವಿವರಿಸಿ.
3. ಕನ್ನಡದಲ್ಲಿ ಇಂತಹ ಆಟವನ್ನು ರಚಿಸುವಾಗ ಎದುರಾಗುವ ತೊಡಕು ಯಾವುದು?