ಒಂದು ಎಲೆಯ ಬಲವನ್ನು ಅಳೆಯುವುದೆಂತು?

ಇಸ್ಪೀಟಿನಲ್ಲಿ ರಾಜ ದೊಡ್ಡದೋ ಗುಲಾಮ ದೊಡ್ಡದೋ ಎಂಬ ಚರ್ಚೆಗೆ ಆಸ್ಪದವಿಲ್ಲ. ಆಟದ ನಿಯಮವೇ ಅದನ್ನು ಮೊದಲೇ ಗೊತ್ತುಮಾಡಿರುತ್ತದೆ. ಆದರೆ ಆಟಗಾರನು ಎಲೆಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ತನ್ನ ಕಟ್ಟನ್ನು ತಾನೇ ಆಯ್ದು ಜೋಡಿಸಿಕೊಳ್ಳುವ ಆಟಗಳೂ ಉಂಟು. ಅಲ್ಲಿ ಯಾವ ಎಲೆ ಬಲವಾದುದೆಂದು ಯಾರೂ ಹೇಳಿಕೊಡುವುದಿಲ್ಲ. ಎಲೆಯ ಮೇಲೆ ಅಚ್ಚಾದ ನಾಲ್ಕು ಸಾಲುಗಳನ್ನು ಓದಿ ಆಟಗಾರನೇ ನಿರ್ಣಯಿಸಬೇಕು. ಈ ನಿರ್ಣಯದಲ್ಲಿ ಆಟವನ್ನು ರೂಪಿಸಿದವರೇ ಎಡವಿದ್ದಾರೆ.

ಇಂಥ ಆಟಗಳಲ್ಲಿ ಮೊದಲನೆಯದು 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಮ್ಯಾಜಿಕ್: ದಿ ಗ್ಯಾದರಿಂಗ್'. ಇದರ ಕರ್ತೃ ರಿಚರ್ಡ್ ಗಾರ್ಫೀಲ್ಡ್ ಗಣಿತಜ್ಞರು. ಕ್ರಮಯೋಜನೆ, ವಿಕಲ್ಪಗಳ ಗಣಿತದಲ್ಲಿ ಅದೇ ವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದವರು. ಆಟದ ಸ್ಥೂಲರೂಪ ಹೀಗಿದೆ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೂ 20 ಪ್ರಾಣಾಂಕಗಳು, ಎದುರಾಳಿಯ ಪ್ರಾಣಾಂಕವನ್ನು ಸೊನ್ನೆಗೆ ಇಳಿಸಿದವನು ಗೆದ್ದನು. ಕಟ್ಟಿನಲ್ಲಿ ಕನಿಷ್ಠ 60 ಎಲೆಗಳಿರಬೇಕು. ಸಾಮಾನ್ಯ ಭೂಮಿಯ ಎಲೆಗಳನ್ನುಳಿದು, ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಮೊದಲು ಏಳು ಎಲೆಗಳನ್ನು ಕೈಗೆ ತೆಗೆದುಕೊಂಡು, ಆಮೇಲೆ ಸರದಿಗೊಂದರಂತೆ ಎತ್ತಿಕೊಳ್ಳಬೇಕು. ಸರದಿಗೊಂದು ಭೂಮಿಯ ಎಲೆಯನ್ನು ಹಾಸಬಹುದು. ಒಂದು ಭೂಮಿ ಸರದಿಗೆ ಒಂದು 'ಮಾನಾ' ಎಂಬ ಶಕ್ತಿಯನ್ನು ಕೊಡುತ್ತದೆ. ಮಿಕ್ಕ ಎಲೆಗಳನ್ನು ಆಡಬೇಕಾದರೆ ಈ ಮಾನಾವನ್ನು ಬೆಲೆಯಾಗಿ ತೆರಬೇಕು. (ಅಂಗಡಿಯ ಬೆಲೆಯ ಮಾತೇ ಬೇರೆ. ಅಪರೂಪವಾದುದಕ್ಕೆ ಅಲ್ಲಿ ಹಣ ಹೆಚ್ಚು. ಅಪರೂಪಕ್ಕೂ ಬಲಕ್ಕೂ ನಂಟಿರಲೇಬೇಕೆಂದಿಲ್ಲ.)

ಹಾಗಾದರೆ ಕಡಿಮೆ ಮಾನಾಕ್ಕೆ ಹೆಚ್ಚು ಫಲ ಕೊಡುವ ಎಲೆಯೇ ಬಲವಾದುದಲ್ಲವೆ? ಮೊದಲನೆಯ ಕಂತಿನಲ್ಲಿಯೇ ಇದನ್ನು ಪರೀಕ್ಷಿಸಲು ಹೇಳಿ ಮಾಡಿಸಿದಂಥ ಐದು ಎಲೆಗಳಿದ್ದುವು. ಐದಕ್ಕೂ ಬೆಲೆ ಒಂದೇ ಮಾನಾ. ಐದರ ಫಲವೂ 'ಮೂರು'. 'ಲೈಟ್ನಿಂಗ್ ಬೋಲ್ಟ್' ಮೂರು ಅಂಕಗಳ ಏಟು ಹಾಕುತ್ತದೆ. 'ಹೀಲಿಂಗ್ ಸಾಲ್ವ್' ಮೂರು ಪ್ರಾಣಾಂಕಗಳನ್ನು ಕೊಡುತ್ತದೆ, ಇಲ್ಲವೆ ಅಷ್ಟು ಏಟನ್ನು ತಡೆಯುತ್ತದೆ. 'ಜೈಂಟ್ ಗ್ರೋತ್' ಒಂದು ಜೀವಿಯ ಬಲವನ್ನೂ ತಾಳಿಕೆಯನ್ನೂ ಆ ಸರದಿಯ ಮಟ್ಟಿಗೆ ಮೂರರಷ್ಟು ಏರಿಸುತ್ತದೆ. 'ಡಾರ್ಕ್ ರಿಚುಅಲ್' ಒಂದು ಮಾನಾವನ್ನು ಮೂರಾಗಿ ಮಾಡುತ್ತದೆ. 'ಆನ್ಸೆಸ್ಟ್ರಲ್ ರಿಕಾಲ್' ಮೂರು ಎಲೆಗಳನ್ನು ಕೈಗೆ ಕೊಡುತ್ತದೆ.

ಅಂಕಿಗಳು ಸಮವಾಗಿದ್ದರೂ ಬಲ ಸಮವಾಗಿರಲಿಲ್ಲ. ಯಾವ ಎಲೆಯನ್ನು ಆಡಿದರೂ ಮಾನಾದ ಜೊತೆಗೆ ಇನ್ನೊಂದು ವೆಚ್ಚವಿದೆ: ಆ ಎಲೆಯೇ ಕೈಬಿಟ್ಟುಹೋಗುತ್ತದೆ. ಈ ವೆಚ್ಚ ಎಲೆಯ ಮೇಲೆ ಅಚ್ಚಾಗಿರುವುದಿಲ್ಲ; ಹೊಸಬರ ಕಣ್ಣಿಗೆ ಅದು ಬೀಳುವುದೂ ಇಲ್ಲ. ಬೋಲ್ಟ್ ತಾಳಿಕೆ ಮೂರುಳ್ಳ ಜೀವಿಯನ್ನು ಕೊಂದರೆ ಎಲೆಗೆ ಎಲೆ ಸರಿಹೋಯಿತು. ಆ ಜೀವಿಗೆ ಎದುರಾಳಿ ಮೂರು ಮಾನಾ ತೆತ್ತಿದ್ದರೆ ನಮಗೆ ಎರಡು ಮಾನಾ ಲಾಭ. ಸಾಲ್ವ್‌ನಿಂದ ಪ್ರಾಣಾಂಕ ಗಳಿಸಿದಾಗಲಾದರೋ ನಮ್ಮ ಎಲೆ ಹೋಯಿತು, ಎದುರಾಳಿಯದು ಒಂದೂ ಹೋಗಲಿಲ್ಲ. ಆ ಮೂರು ಅಂಕಗಳನ್ನು ಸಾಧಾರಣ ಜೀವಿಯೊಂದು ಎರಡು ಸರದಿಗಳಲ್ಲಿ ತಿಂದುಹಾಕುತ್ತದೆ. ರಿಕಾಲ್ ಒಂದು ಎಲೆಯನ್ನು ಕೊಟ್ಟು ಮೂರನ್ನು ತರುತ್ತದೆ. ನಿವ್ವಳ ಲಾಭ ಎರಡು. 1994ರ ಜನವರಿಯಲ್ಲಿ, ಕಟ್ಟಿಗೆ ಒಂದೇ ಪ್ರತಿ ಇರಬಹುದೆಂದು ನಿರ್ಬಂಧಿಸಿದ ಎಲೆಗಳ ಪಟ್ಟಿಯಲ್ಲಿ ಅದು ಸೇರಿತು. ಅದೇ ಪಟ್ಟಿಯಲ್ಲಿ 'ಡಿಂಗಸ್ ಎಗ್' ಎಂಬ ನಿರುಪದ್ರವಿ ಎಲೆಯೂ ಇದ್ದಿತು! ಅದರ ಮೇಲಿನ ನಿರ್ಬಂಧವನ್ನು ಮುಂದೆ ತೆಗೆಯಬೇಕಾಯಿತು.

ಮಾನಾದ ಬೆಲೆಯಲ್ಲಿ ಕಾಲವೂ ಅಡಗಿದೆ. ಆರು ಮಾನಾದ ಎಲೆಯನ್ನು ಆರನೆಯ ಸರದಿಯಲ್ಲಿ ಆಡಬಹುದೆಂದು ತೋರುತ್ತದೆ. 60 ಎಲೆಗಳಲ್ಲಿ 24 ಭೂಮಿಗಳಿದ್ದರೆ, ಎರಡನೆಯವನಾಗಿ ಆಡುವವನು ಆರನೆಯ ಸರದಿಯ ಹೊತ್ತಿಗೆ ಕಂಡಿರುವುದು 13 ಎಲೆಗಳನ್ನು. ಅವುಗಳಲ್ಲಿ ಸರಾಸರಿ 5.2 ಭೂಮಿಗಳು. ಸರಾಸರಿ ಆರು ಭೂಮಿ ಬರಬೇಕಾದರೆ 15 ಎಲೆಗಳು ಬೇಕು, ಎಂದರೆ ಎಂಟನೆಯ ಸರದಿ. ಅಷ್ಟರಲ್ಲಿ ಆಟವೇ ಮುಗಿದಿರಬಹುದು. ಎರಡು ಮಾನಾದ ಸಾಧಾರಣ ಎಲೆ ಅನೇಕ ವೇಳೆ ಆರು ಮಾನಾದ ಮಹಾಸರ್ಪಕ್ಕಿಂತ ಹೆಚ್ಚು ಪ್ರಯೋಜನಕಾರಿಯಾಗುವುದು ಈ ಕಾರಣದಿಂದ.

ಈಗ ನಿಜವಾಗಿಯೂ ಕಠಿನವಾದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. 1995ರಲ್ಲಿ 'ನೆಕ್ರೊಪೊಟೆನ್ಸ್' ಎಂಬ ಎಲೆ ಹೊರಬಂದಿತು. ಬೆಲೆ ಮೂರು ಮಾನಾ, ಮೂರೂ ಕಪ್ಪು ಬಣ್ಣದವು. ಇದನ್ನು ಹಾಸಿದವನು ಸರದಿಗೊಂದು ಎಲೆ ಎತ್ತುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಅದರ ಬದಲು, ಒಂದೊಂದು ಪ್ರಾಣಾಂಕ ತೆತ್ತು ಒಂದೊಂದು ಎಲೆಯನ್ನು ಸರದಿಯ ಕೊನೆಗೆ ಪಡೆಯಬಹುದು. ತನ್ನ ಪ್ರಾಣವನ್ನು ತಾನೇ ಕೊಯ್ದುಕೊಳ್ಳುವ ಎಲೆಯನ್ನು ಯಾರು ತಾನೆ ಮೆಚ್ಚಿಯಾರು? ಅನೇಕರು ಅದನ್ನು ಬದಿಗಿಟ್ಟರು.

ಆದರೆ ಯೋಚಿಸಿ ನೋಡಿರಿ. 20 ಪ್ರಾಣಾಂಕಗಳಿರುವವನೂ ಒಂದೇ ಪ್ರಾಣಾಂಕವಿರುವವನೂ ಆಟದಲ್ಲಿ ಸಮಾನವಾಗಿ ಬದುಕಿರುವವರೇ. ಕೊನೆಯ ಅಂಕವೊಂದನ್ನು ಬಿಟ್ಟರೆ ಮಿಕ್ಕ 19 ಅಂಕಗಳು ವೆಚ್ಚಮಾಡಬಹುದಾದ ಸಂಪತ್ತು. ಮೂರು ಪ್ರಾಣಾಂಕ ಒಂದು ಎಲೆಗೆ ಸಾಟಿಯಲ್ಲವೆಂಬುದನ್ನು ಸಾಲ್ವ್ ತೋರಿಸಿತ್ತು; ಇಲ್ಲಿ ಒಂದೇ ಪ್ರಾಣಾಂಕಕ್ಕೆ ಒಂದು ಎಲೆ ದೊರೆಯುತ್ತಿದೆ! ಹೀಗೆ ಲೆಕ್ಕಹಾಕಿದವರು ಗೆದ್ದರು. ಈ ಎಲೆ ಸ್ಪರ್ಧೆಗಳನ್ನು ಆವರಿಸಿಕೊಂಡ 1996ರ ಬೇಸಗೆ ಆಟಗಾರರ ಮಾತಿನಲ್ಲಿ 'ಕರಿಯ ಬೇಸಗೆ' ಎಂದೇ ಉಳಿದಿದೆ.

ಮೇಲೆ ಹೇಳಿದ ರಿಚುಅಲ್ ಕೊಡುವುದೂ ಮೂರು ಕಪ್ಪು ಮಾನಾ. ಆದುದರಿಂದ ಇವೆರಡೂ ಕೈಗೆ ಬಂದರೆ, ಒಂದು ಭೂಮಿಯಿಂದಲೇ ಮೊದಲನೆಯ ಸರದಿಯಲ್ಲಿ ನೆಕ್ರೊಪೊಟೆನ್ಸ್ ಸಿದ್ಧ. ಇದರ ಸಂಭವವೆಷ್ಟು? ಕಲಸಿದ ಕಟ್ಟಿನಲ್ಲಿ 60 ಸ್ಥಾನಗಳಿವೆ. ಮೇಲಿನ ಏಳು ನಮ್ಮವು. ನಾಲ್ಕು ಪ್ರತಿಗಳೂ ಕೆಳಗಿನ 53 ಸ್ಥಾನಗಳಲ್ಲಿ ಅಡಗಿರುವ ಸಂಭವ 53/60 × 52/59 × 51/58 × 50/57, ಅಂದರೆ ಸುಮಾರು 0.60. ಆದ್ದರಿಂದ ಒಂದಾದರೂ ಕೈಗೆ ಬರುವ ಸಂಭವ 100ಕ್ಕೆ 40. ಎರಡು ಬೇರೆ ಎಲೆಗಳೂ ಬರುವ ಸಂಭವ 0.4 × 0.4, ಎಂದರೆ 100ಕ್ಕೆ 16 ಎನ್ನಬಾರದು. ಒಂದು ಎಲೆ ಕುಳಿತ ಸ್ಥಾನದಲ್ಲಿ ಇನ್ನೊಂದು ಕೂರಲಾರದು. ಎಂಟೂ ಪ್ರತಿಗಳು ಕೆಳಗಿರುವ ಸಂಭವವನ್ನು (0.346) ಇದೇ ರೀತಿ ಕಂಡುಹಿಡಿದು, 1 − 0.60 − 0.60 + 0.346 ಎಂದು ಕೂಡಿ ಕಳೆದರೆ, 100ಕ್ಕೆ 14 ಅಥವಾ 15 ಬರುತ್ತದೆ. ಜೊತೆಗಾರನಿಲ್ಲದೆ ಕೆಲಸಕ್ಕೆ ಬಾರದ ಎಲೆಯನ್ನು ತೂಗುವಾಗ ಈ ಸಂಖ್ಯೆಯನ್ನು ಮರೆಯಕೂಡದು. ನೆಕ್ರೊಪೊಟೆನ್ಸ್ ಒಂಟಿಯಾಗಿಯೂ ದುಡಿಯುತ್ತಿದ್ದಿತು. ರಿಚುಅಲ್ ಅದನ್ನು ಬೇಗ ತರುತ್ತಿದ್ದಿತು, ಅಷ್ಟೆ.

ಎಲೆಯ ಮೇಲಿನ ಋಣಚಿಹ್ನೆಯೂ ಹೀಗೆಯೇ ಮೋಸಗೊಳಿಸಬಲ್ಲುದು. 2004ರ 'ಸ್ಕಲ್‌ಕ್ಲ್ಯಾಂಪ್' ಒಂದು ಮಾನಾದ ಸಲಕರಣೆ. ಇನ್ನೊಂದು ಮಾನಾ ತೆತ್ತು ಅದನ್ನು ಜೀವಿಗೆ ತೊಡಿಸಿದರೆ ಬಲ ಒಂದು ಏರುತ್ತದೆ, ತಾಳಿಕೆ ಒಂದು ಇಳಿಯುತ್ತದೆ. ತೊಟ್ಟ ಜೀವಿ ಸತ್ತರೆ ಎರಡು ಎಲೆಗಳು ದೊರೆಯುತ್ತವೆ. ತಾಳಿಕೆ ಇಳಿಯುವುದು ನಷ್ಟವೆಂದು ತೋರುತ್ತದೆ. ಆದರೆ ತಾಳಿಕೆ ಒಂದೇ ಇರುವ ಬಡಜೀವಿಗೆ ಅದನ್ನು ತೊಡಿಸಿದರೆ ಅದು ತಕ್ಷಣ ಸಾಯುತ್ತದೆ, ಎರಡು ಎಲೆಗಳು ಕೈಗೆ ಬರುತ್ತವೆ, ಸಲಕರಣೆ ಹಾಗೆಯೇ ಉಳಿದು ಮುಂದಿನ ಬಲಿಗೆ ಕಾದಿರುತ್ತದೆ. ಫೆಬ್ರವರಿಯಲ್ಲಿ ಹೊರಬಂದ ಈ ಎಲೆಯನ್ನು ಆ ವರ್ಷದ ಜೂನ್‌ನಲ್ಲಿಯೇ ಮುಖ್ಯ ಸ್ಪರ್ಧಾವಿಭಾಗದಿಂದ ನಿಷೇಧಿಸಿದರು.