ಶೇಕಡಾ 40 ಇಲ್ಲದ ಮಗುವಿಗೂ ಶಾಲೆ ಉತ್ತರ ಕೊಡಬೇಕು

ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿದ್ದ ಹುಡುಗಿ. ಆಸ್ಪತ್ರೆಯ ಪ್ರಮಾಣಪತ್ರದಲ್ಲಿ ವೈಕಲ್ಯ ಶೇ. 30 ಎಂದಿತ್ತು. ತಾಯಿ ಕೇಳಿದ್ದು ಮುಂದಿನ ಬೆಂಚು, ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ. "ನಲವತ್ತು ಇಲ್ವಲ್ಲಮ್ಮ, ನಮ್ಮಿಂದ ಏನೂ ಆಗಲ್ಲ" ಎಂದು ಶಾಲೆಯವರು ಕಾಗದ ಹಿಂದಿರುಗಿಸಿದರು. ಈ ಒಂದು ಮಾತು ನಂಬಿ ಮನೆಗೆ ಹೋಗುವ ತಂದೆ ತಾಯಂದಿರನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಶೇ. 40ರ ಗೆರೆ ಇರುವುದು ಕೆಲವು ಸೌಲಭ್ಯಗಳಿಗೆ ಮಾತ್ರ. ಕಲಂ 31ರ ಪ್ರಕಾರ 6ರಿಂದ 18 ವರ್ಷದವರೆಗೆ ಸಿಗುವ ಉಚಿತ ಶಿಕ್ಷಣಕ್ಕೆ, ಉನ್ನತ ಶಿಕ್ಷಣದ ಮೀಸಲಾತಿಗೆ ಅದು ಬೇಕು. ಆದರೆ ಕಲಂ 16ರಲ್ಲಿ ಆ ಗೆರೆ ಇಲ್ಲವೇ ಇಲ್ಲ, ಕಲಂ 17ರಲ್ಲೂ ಉಚಿತ ಪುಸ್ತಕ, ಸಾಧನ, ವಿದ್ಯಾರ್ಥಿವೇತನಕ್ಕಷ್ಟೇ ಇದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು, ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಎಲ್ಲವೂ ಬರುವುದು ಈ ಎರಡು ಕಲಂಗಳಲ್ಲಿ, ಆ ಗೆರೆಯಿಲ್ಲದೆ. ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಕಲಂ 16ರಿಂದ ಹೊರಗಿಲ್ಲ. 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿಗೆ ಶೇ. 40 ಇಲ್ಲದಿದ್ದರೂ ಸಹಾಯಕರನ್ನು ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಶಾಲೆಗೆ ಕೊಡುವ ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಬರೆಯಿರಿ.

ಅರ್ಜಿ ಎಂದೆ, ಬಾಯಿಮಾತಲ್ಲ. ಮಗುವನ್ನು ಮೌಲ್ಯಮಾಪನ ಮಾಡಿಸಿ ಎಂದು ಮುಖ್ಯ ಶಿಕ್ಷಕರಿಗೆ ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗೂ (ಬಿಇಒ) ಒಂದು ಪ್ರತಿ ಕಳಿಸಿ. ಇಂಥ ಮಕ್ಕಳಿಗಾಗಿಯೇ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಎಂಬ ಸಮನ್ವಯ ಶಿಕ್ಷಣದ ಶಿಕ್ಷಕರ ಹುದ್ದೆಯಿದೆ, ಅವರನ್ನೂ ಕಾಣಿ. "ಬೇರೆ ಶಾಲೆ ನೋಡಿಕೊಳ್ಳಿ" ಎಂದು ಟಿಸಿ ಅರ್ಜಿ ಮುಂದಿಟ್ಟರೆ ಮಾತ್ರ ಸಹಿ ಹಾಕಬೇಡಿ. ಹಾಕಿದಿರೋ, ದಾಖಲೆಯಲ್ಲಿ "ಪೋಷಕರ ಇಚ್ಛೆಯಂತೆ" ಎಂದು ಕೂರುತ್ತದೆ, ಆಮೇಲೆ ಶಾಲೆಯನ್ನು ಕೇಳುವುದು ಕಷ್ಟ.

ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ. ಆಸ್ಪತ್ರೆ ಗೇಟಿನ ಹೊರಗೆ "ಪರ್ಸೆಂಟೇಜ್ ಜಾಸ್ತಿ ಮಾಡಿಸಿಕೊಡ್ತೀನಿ" ಎನ್ನುವವನ ಕೈಗೆ ದುಡ್ಡು ಕೊಟ್ಟರೆ ದುಡ್ಡೂ ಹೋಗುತ್ತದೆ, ಸುಳ್ಳು ಪ್ರಮಾಣಪತ್ರದ ಕೇಸು ನಿಮ್ಮ ತಲೆಗೇ ಬರುತ್ತದೆ. ಅದರ ಅಗತ್ಯವೂ ಇಲ್ಲ. 2024ರ ನಿಯಮ ತಿದ್ದುಪಡಿಯಂತೆ ಶೇ. 40ಕ್ಕಿಂತ ಕಡಿಮೆಯಿದ್ದವರಿಗೂ ಬಿಳಿ ಬಣ್ಣದ ಕಾರ್ಡಿದೆ. ಬಿಳಿ ಕಾರ್ಡ್ ನೋಡಿ ನಿರಾಶರಾಗಬೇಡಿ, ಕಲಂ 16ಕ್ಕೆ ಅದು ಗಟ್ಟಿ ದಾಖಲೆ.

ಓದು, ಬರಹ, ಲೆಕ್ಕದಲ್ಲಷ್ಟೇ ತೊಡಕಿರುವ ಮಕ್ಕಳ ದಾರಿ ಸ್ವಲ್ಪ ಬೇರೆ. 2024ರಲ್ಲಿ ಬದಲಾದ 2018ರ ಕೇಂದ್ರ ಮಾರ್ಗಸೂಚಿಯಲ್ಲಿ, ಮೂರನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ ಶಾಲೆಯಲ್ಲೇ ತಪಾಸಣೆ ಆಗಬೇಕು ಎಂದಿತ್ತು. ನಂತರ ಮಕ್ಕಳ ವೈದ್ಯರ ಪರೀಕ್ಷೆ, ಬುದ್ಧಿಮಟ್ಟದ ಪರೀಕ್ಷೆ, ನಿಮ್ಹಾನ್ಸ್ ರೂಪಿಸಿದ ಕಲಿಕಾ ಪರೀಕ್ಷೆ. ಖಾಸಗಿ ಕ್ಲಿನಿಕ್ಕಿನ ವರದಿ ಎಷ್ಟೇ ದಪ್ಪವಿರಲಿ, ಅದು ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಪ್ರಮಾಣಪತ್ರವಲ್ಲ. ಇನ್ನೊಂದು ತೊಡಕು: ಅದೇ ಮಾರ್ಗಸೂಚಿಯಲ್ಲಿ 14 ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಆಮೇಲೆ 18ಕ್ಕೆ ಎಂದಿತ್ತು; ಈಗಿನ ನಿಯಮವನ್ನು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಹದಿನಾಲ್ಕು ಎಂದರೆ ಬಹುತೇಕ ಒಂಬತ್ತನೇ ತರಗತಿ. ಆಗ ಮರೆತವರು ಎಸ್ಎಸ್ಎಲ್‌ಸಿ ಅರ್ಜಿ ತುಂಬುವ ಹೊತ್ತಿಗೆ ಹಳೇ ಕಾಗದ ಹಿಡಿದು ಓಡಾಡುತ್ತಾರೆ.

ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. ಕಲಂ 59ರಡಿ ಮೇಲ್ಮನವಿ ಹಾಕಬಹುದು, ಆದರೆ ಅದಕ್ಕೆ ಗಡುವಿರುವುದರಿಂದ ಕಾಗದ ಕೈಗೆ ಬಂದ ದಿನವೇ ವಕೀಲರನ್ನು ಕಾಣಿ. ಶಾಲೆ ಜಗ್ಗದಿದ್ದರೆ ಜಿಲ್ಲಾ ಶಿಕ್ಷಣ ಕಚೇರಿಯ ನೋಡಲ್ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ವಕೀಲರಿಗೆ ದುಡ್ಡೆಲ್ಲಿ ಎಂಬ ಚಿಂತೆ ಬೇಡ. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸೀಲು ಬಿದ್ದ ಆ ಅರ್ಜಿಯ ಪ್ರತಿ ತೆಗೆದುಕೊಂಡು ಹೋಗಿ.