ಮೀನಿನ ಹೇನು ಮತ್ತು ಹೊಳೆಯ ಲೆಕ್ಕ

ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಮೊದಲ್ಗೊಂಡು ಶಹಾಬಾದ, ವಾಡಿಗಳ ಕಲ್ಲುಗಣಿಯ ಹೊಂಡಗಳವರೆಗೆ ಮೀನಿಗೆ ನೆಲೆಯಾಗಬಲ್ಲ ನೀರು ಈ ಸೀಮೆಯಲ್ಲಿ ಉಂಟು. ಸೇಡಂ, ಚಿತ್ತಾಪುರ ಪ್ರದೇಶಗಳಲ್ಲಿ ಹರಿಯುವ ಕಾಗಿಣಾ ನದಿಯು ಭೀಮೆಯನ್ನೂ, ಭೀಮೆಯು ಕೃಷ್ಣೆಯನ್ನೂ ಸೇರುತ್ತದೆ. ಆದುದರಿಂದ ಸಾಕಣೆಯ ಕೊಳವೊಂದರ ಪಿಡುಗು ಅದರ ಒಡೆಯನೊಬ್ಬನ ನಷ್ಟವಾಗಿ ಉಳಿಯದು. ಬಲೆಯನ್ನೇ ನಂಬಿದ ನದೀತೀರದ ಕುಟುಂಬಗಳ ಅನ್ನಕ್ಕೂ ಅದು ತಟ್ಟಬಹುದು.

ಕಾಟ್ಲಾ, ರೋಹು, ಮೃಗಾಲ ಮೊದಲಾದ ಗೆಂಡೆ ಮೀನುಗಳನ್ನು ಪೀಡಿಸುವ ಪರೋಪಜೀವಿಗಳಲ್ಲಿ ಬರಿಗಣ್ಣಿಗೆ ಕಾಣುವಂಥದು ಆರ್ಗುಲಸ್, ಅರ್ಥಾತ್ ಮೀನಿನ ಹೇನು. ಹೆಸರು ಹೇನಾದರೂ ಇದು ಸೀಗಡಿ, ಏಡಿಗಳ ಬಳಗದ ಜೀವಿ. ಎರಡು ಹೀರುಬಟ್ಟಲುಗಳಿಂದ ಮೀನಿನ ಮೈಗೆ ಅಂಟಿಕೊಂಡು, ಚರ್ಮವನ್ನು ಚುಚ್ಚಿ ರಕ್ತ ಹೀರುತ್ತದೆ. ಆ ಗಾಯದಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳು ನೆಲೆಗೊಳ್ಳುತ್ತವೆ. ಹೆಣ್ಣು ಹೇನು ಮೀನನ್ನು ತೊರೆದು ಈಜಿ, ಕಲ್ಲು ಕಟ್ಟಿಗೆಗಳ ಮೇಲೆ ಮೊಟ್ಟೆಯಿಡುತ್ತದೆ. ಕೊಳದಲ್ಲಿ ಮೀನುಗಳು ದಟ್ಟವಾಗಿರುವುದರಿಂದ ಮರಿಹೇನಿಗೆ ಆಶ್ರಯ ಸುಲಭ. ಮಳೆಗಾಲದಲ್ಲಿ ಕೊಳ ತುಂಬಿ ಹರಿದರೆ ಹೇನು ಹೊಳೆಗೆ ಇಳಿಯುತ್ತದೆ. ಹೊಳೆಯ ಮೀನಿನಿಂದ ಕೊಳಕ್ಕೂ ಬರಬಲ್ಲದು.

ಹೀಗಿರುವಾಗ ತಪ್ಪನ್ನು ಯಾವ ನೀರಿನ ಮೇಲೆ ಹೊರಿಸುವುದು? ಹೋಲಿಕೆಯಿಲ್ಲದ ಎಣಿಕೆ ಇದಕ್ಕೆ ಉತ್ತರ ಹೇಳಲಾರದು. ಕೊಳದ ನೀರು ಹೊಳೆಗೆ ಕೂಡುವ ಸ್ಥಳದ ಮೇಲ್ಗಡೆಯಲ್ಲಿಯೂ ಕೆಳಗಡೆಯಲ್ಲಿಯೂ ಒಂದೇ ಜಾತಿಯ, ಸಮಗಾತ್ರದ ಮೀನುಗಳನ್ನು ಪರೀಕ್ಷಿಸಬೇಕು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಲ್ಲಿ ಮೀನು ಒತ್ತಾದಾಗ ಹೇನು ತಾನಾಗಿಯೂ ಹೆಚ್ಚಬಹುದು. ಆದ್ದರಿಂದ ವರ್ಷವರ್ಷವೂ ಅದೇ ತಿಂಗಳಲ್ಲಿ ಎಣಿಸುವುದು ಅವಶ್ಯ. ಉದಾಹರಣೆಗೆ, 30 ಮೀನುಗಳಲ್ಲಿ 6ಕ್ಕೆ ಹೇನಿದ್ದು, ಒಟ್ಟು 18 ಹೇನು ದೊರೆತರೆ, ಪೀಡಿತ ಮೀನು ಶೇಕಡಾ 20. ಪೀಡಿತ ಮೀನೊಂದಕ್ಕೆ ಸರಾಸರಿ 3 ಹೇನು. ಹೇನಿಲ್ಲದ 24 ಮೀನುಗಳನ್ನು ಬರೆಯದೆ ಬಿಟ್ಟರೆ ಈ ಲೆಕ್ಕವೇ ಸುಳ್ಳಾಗುತ್ತದೆ.

ನಾರ್ವೆ ದೇಶದಲ್ಲಿ ಸಾಕಿದ ಸಾಲ್ಮನ್ ಮೀನಿನ ಹೇನುಗಳನ್ನು ಎಣಿಸಿ ವರದಿ ಮಾಡುವುದು ಕಡ್ಡಾಯ. ಅಲ್ಲಿ 2017ರಿಂದ ಕರಾವಳಿಯನ್ನು 13 ವಲಯಗಳಾಗಿ ವಿಂಗಡಿಸಿ, ಸಮುದ್ರದ ಸ್ವತಂತ್ರ ಸಾಲ್ಮನ್ ಮೀನಿಗೆ ಹೇನಿನಿಂದಾಗುವ ಹಾನಿಯನ್ನು ಅಳೆದು ಸಾಕಣೆಯ ವಿಸ್ತರಣೆಯನ್ನು ನಿರ್ಧರಿಸುತ್ತಾರೆ. ಭಾರತದಲ್ಲಿಯೂ 2013ರಲ್ಲಿ ಜಲಚರ ರೋಗಗಳ ರಾಷ್ಟ್ರೀಯ ನಿಗಾ ಕಾರ್ಯಕ್ರಮ ಆರಂಭವಾಯಿತು. ಅದರ ಮುಖ್ಯ ದೃಷ್ಟಿ ಸಾಕಣೆಯ ಜಲಚರಗಳ ಮೇಲಿದೆ. ಹೊಳೆಯ ಮೀನಿನ ಲೆಕ್ಕವೂ ಅದರ ಜೊತೆಗೂಡಬೇಕಾಗಿದೆ.

ಈ ಕಾರ್ಯದಲ್ಲಿ ಶಾಲೆಗಳೂ ಕೈಜೋಡಿಸಬಲ್ಲವು. ಒಂದು ಭೂತಗನ್ನಡಿ, ಕೆಲವು ಬಿಳಿಯ ತಟ್ಟೆಗಳು, ಒಂದು ದಾಖಲೆ ಪುಸ್ತಕ ಇಷ್ಟೇ ಸಾಕು. ನೀರಿನಿಂದ ಹೊರಬಂದ ಮೀನನ್ನು ಹೇನು ಬೇಗನೆ ಬಿಡುವುದರಿಂದ, ಬೆಸ್ತರು ಹಿಡಿದ ಮೀನನ್ನು ದಡದಲ್ಲಿಯೇ, ಒಂದೊಂದನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ನೋಡಬೇಕು. ಹಲವು ವರ್ಷ ತಪ್ಪದೆ ಬರೆದಿಟ್ಟ ಇಂಥ ಪುಸ್ತಕವೊಂದು, ಕೊಳದವನಿಗೂ ಬಲೆಯವನಿಗೂ ವಿವಾದ ಹುಟ್ಟಿದ ದಿನ, ಇಬ್ಬರಿಗೂ ನ್ಯಾಯವಾದ ಸಾಕ್ಷಿಯಾಗುತ್ತದೆ.